ನೋಯದ ಹಲ್ಲು

ಬೇರೆ ಯಾವ ಕಾಯಿಲೆ ಹೇಳಿದ್ದರೂ ನಮ್ಮ ಗುಮಾಸ್ತರು ಬಚಾವಾಗುತ್ತಿದ್ದರೇನೋ. ಜ್ವರ ಎಂದರೆ ಮಾರನೆಯ ದಿನ ಮುಖ ಸೊರಗಿರಬೇಕು. ಹೊಟ್ಟೆನೋವನ್ನು ಹೋದ ತಿಂಗಳೇ ಖರ್ಚು ಮಾಡಿಯಾಗಿತ್ತು. ಹಲ್ಲುನೋವಾದರೆ ಬಾಯೊಳಗಿನ ವಿಷಯ, ಯಾರು ಬಗ್ಗಿ ನೋಡುತ್ತಾರೆ? ಹೀಗೆಂದುಕೊಂಡು ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಹಾಕಿ, ಶಬ್ದ ಹೊರಗೆ ಕೇಳದಿರಲೆಂದು ನಲ್ಲಿ ತಿರುಗಿಸಿ, ಕೆನ್ನೆಯೊಳಗೆ ನಾಲಿಗೆ ತುರುಕಿಕೊಂಡು ಆಫೀಸಿಗೆ ಫೋನು ಮಾಡಿದರು.

"ಹಲ್ಲು... ತಡೆಯೋಕೇ ಆಗ್ತಿಲ್ಲ... ಇವತ್ತೊಂದಿನ ರಜ..."

ಹೊರಗೆ ಬಂದಾಗ ಹೆಂಡತಿ ಮತ್ತು ಅವಳ ಅಣ್ಣ ಚಪ್ಪಲಿ ಮೆಟ್ಟಿಕೊಂಡು ಸಿದ್ಧರಾಗಿದ್ದರು. ಪ್ರವಾಸದ ಟಿಕೆಟ್ಟು ತೆಗೆಸಿದ್ದು ಈ ಭಾವನೇ. ಎಲ್ಲದಕ್ಕೂ ಮುಂದೆ ಬಿದ್ದು ಮಾತಾಡುವ ಮನುಷ್ಯ.

"ರಜ ಸಿಕ್ತೇನ್ರೀ?" ಎಂದ ಭಾವ.

"ಕೇಳೋದೊಂದೇ ತಡ, ಕೊಟ್ರು. ನಮ್ಮ ಮಾತಿಗೆ ಅಲ್ಲಿ ಬೆಲೆ ಇದೆ," ಎಂದರು ಗುಮಾಸ್ತರು. ಮಾರನೆಯ ದಿನ ಹೆಡ್ ಕ್ಲರ್ಕ್ ಕುರ್ಚಿ ಯಾರಿಗೆಂದು ದೊಡ್ಡ ಸಾಹೇಬರು ತೀರ್ಮಾನಿಸುವವರಿದ್ದರು. ಆ ಕುರ್ಚಿಗಾಗಿ ವರ್ಷಗಟ್ಟಲೆ ಜೊಲ್ಲು ಸುರಿಸಿದವರು ನಮ್ಮ ಗುಮಾಸ್ತರು. ಇಂಥ ಹೊತ್ತಲ್ಲಿ ಸುಳ್ಳು ಹೇಳಿ ತಿರುಗಾಡಲು ಹೋಗಿದ್ದು ಗೊತ್ತಾದರೆ ಕತೆ ಮುಗಿದ ಹಾಗೇ. ಆದರೆ ಬಸ್ಸಿನಲ್ಲಿ ಅಷ್ಟು ದೂರ ಹೋದರೆ ಯಾರು ಕಾಣುತ್ತಾರೆ?

ಬಸ್ಸಿಳಿದಾಗ ಎದುರಾದ ಊರು ನಿಜಕ್ಕೂ ನೋಡುವಂತಿತ್ತು. ಸುತ್ತ ಕಲ್ಲಿನ ಕೋಟೆ, ಒಳಗೆ ಹೋಗಲು ಒಂದೇ ಬಾಗಿಲು, ಶತಮಾನಗಳ ಹಿಂದಿನ ಮನೆಗಳು ಒಂದಕ್ಕೊಂದು ಹೆಗಲು ಕೊಟ್ಟುಕೊಂಡು ನಿಂತಿದ್ದವು. ಓಣಿಗೆ ಹಾಸಿದ ಕಲ್ಲುಗಳು ಸವೆದು ನುಣ್ಣಗಾಗಿದ್ದವು. ಒಂದು ವಿದ್ಯುತ್ ತಂತಿಯೂ ಕಾಣಿಸುತ್ತಿರಲಿಲ್ಲ. ಪ್ರವಾಸಿಗರಿಗೆ ತೋರಿಸಲೆಂದು ಊರಿನವರೆಲ್ಲ ಹಳೇ ಕಾಲದ ಉಡುಪು ತೊಟ್ಟು ಹಳೇ ಕಾಲದ ಕಸುಬು ಮಾಡುತ್ತಿದ್ದರು.

"ಇಲ್ಲಿ ನಟನೆ ಅನ್ನೋದಿಲ್ಲ," ಎಂದು ಬಾಗಿಲು ಕಾಯುವವನು ಎದೆಯುಬ್ಬಿಸಿ ಹೇಳಿದ್ದ. "ಏನು ತೋರಿಸ್ತೀವೋ ಅದನ್ನ ನಿಜವಾಗ್ಲೂ ಮಾಡ್ತೀವಿ." ಕಮ್ಮಾರನ ಕುಲುಮೆಯ ಕಿಡಿ ಹಾರಿ ಭಾವನ ಹೊಸ ಅಂಗಿಯ ತೋಳು ಸುಟ್ಟಾಗ ಅದು ಸುಳ್ಳಲ್ಲವೆಂದು ಎಲ್ಲರಿಗೂ ಖಾತ್ರಿಯಾಯಿತು.

ಊರ ನಡುವಿನ ಚೌಕಕ್ಕೆ ಬಂದರೋ ಇಲ್ಲವೋ, ಗುಮಾಸ್ತರು ಗಕ್ಕನೆ ನಿಂತುಬಿಟ್ಟರು. ಬಾವಿಕಟ್ಟೆಯ ಹತ್ತಿರ ದೊಡ್ಡ ಸಾಹೇಬರು! ಅದೇ ಬೋಳು ತಲೆ, ಅದೇ ಚಿನ್ನದ ಫ್ರೇಮಿನ ಕನ್ನಡಕ. ಪಕ್ಕದಲ್ಲಿ ಕೇಂದ್ರ ಕಚೇರಿಯಿಂದ ಬಂದ ಅತಿಥಿಗಳು. ಅವರಿಗೆ ಊರು ತೋರಿಸಲು ಬಂದಿದ್ದರೆಂದು ಕಾಣುತ್ತದೆ. ಗುಮಾಸ್ತರು ಸರಕ್ಕನೆ ಹೆಂಡತಿಯ ಹೆಗಲ ಮೇಲಿದ್ದ ಸ್ಕಾರ್ಫ್ ಎಳೆದು, ಗದ್ದದಿಂದ ನೆತ್ತಿಯವರೆಗೆ ಸುತ್ತಿ ಗಂಟು ಹಾಕಿಕೊಂಡರು.

"ರೀ, ಏನಾಯ್ತ್ರೀ?"

"ಹಲ್ಲು... ಹಲ್ಲುನೋವು ಕಣೇ!"

"ಬೆಳಿಗ್ಗೆ ಚೆನ್ನಾಗಿ ತಿಂಡಿ ತಿಂದ್ರಲ್ಲ!"

"ಈಗ ಶುರುವಾಯ್ತು. ನಡಿ, ಹೋಗೋಣ!"

ಹೋಗುವುದೆಲ್ಲಿಗೆ? ಅಷ್ಟರಲ್ಲಿ ಭಾವ ಕೈಯೆತ್ತಿ ಕೂಗಿಯಾಗಿತ್ತು. ಚೌಕದ ಇನ್ನೊಂದು ತುದಿಯಲ್ಲಿ, ಚರ್ಮದ ಏಪ್ರನ್ ತೊಟ್ಟ ಒಬ್ಬ ದಪ್ಪ ಮೀಸೆಯವನು ಮರದ ಕುರ್ಚಿಯ ಪಕ್ಕ ಇಕ್ಕಳ ಹಿಡಿದು ನಿಂತಿದ್ದ. ಅವನು ಆ ಕಾಲದ ಹಲ್ಲು ಕೀಳುವವನ ವೇಷದಲ್ಲಿದ್ದರೂ ನಿಜವಾಗಿ ಓದಿದ ದಂತವೈದ್ಯ. "ಹಲ್ಲುನೋವಿರೋರು ಯಾರಾದ್ರೂ ಇದ್ದೀರಾ?" ಎಂದು ಬೆಳಗಿನಿಂದ ಗಂಟಲು ಹರಿದುಕೊಂಡಿದ್ದನಂತೆ, ಒಬ್ಬರೂ ಬಂದಿರಲಿಲ್ಲ.

"ಇಲ್ಲಿದ್ದಾರೆ ಸ್ವಾಮಿ! ನಮ್ಮ ತಂಗಿ ಗಂಡ! ದಾರಿ ಬಿಡ್ರಿ, ದಾರಿ ಬಿಡ್ರಿ!"

"ಭಾವ, ನಿಮ್ಮ ದಮ್ಮಯ್ಯ..." ಎಂದು ಗುಮಾಸ್ತರು ಗೋಗರೆಯುವಷ್ಟರಲ್ಲಿ ಜನ ಅವರನ್ನು ತಳ್ಳಿಕೊಂಡು ಹೋಗಿ ಕುರ್ಚಿಯ ಮೇಲೆ ಕೂರಿಸಿಬಿಟ್ಟರು. ಕಣ್ಣು ಬಿಟ್ಟು ನೋಡಿದರೆ ಎದುರಿಗೇ, ಮಾರು ದೂರದಲ್ಲಿ, ದೊಡ್ಡ ಸಾಹೇಬರು! ನೆಟ್ಟ ದೃಷ್ಟಿಯಿಂದ ಇವರನ್ನೇ ನೋಡುತ್ತಿದ್ದಾರೆ. ಆಮೇಲೆ ನಿಧಾನವಾಗಿ ತಲೆಯಾಡಿಸಿದರು.

ಗುರುತು ಹಿಡಿದರು! ಈಗ ಎದ್ದು ಓಡಿದರೆ ಹಲ್ಲುನೋವು ಸುಳ್ಳೆಂದು ಜಾಹೀರಾಗುತ್ತದೆ. ಕುಳಿತರೆ ನಿಜವಾಗುತ್ತದೆ. ಹೆಡ್ ಕ್ಲರ್ಕ್ ಕುರ್ಚಿ ಉಳಿಯಬೇಕಾದರೆ ಈ ಕುರ್ಚಿಯಲ್ಲಿ ಕೂರಲೇಬೇಕು. ಗುಮಾಸ್ತರು ಸ್ಕಾರ್ಫಿನ ಗಂಟು ಸಡಿಲಿಸಿ, ಕಣ್ಣು ಮುಚ್ಚಿ ಬಾಯಿ ತೆರೆದರು.

ಮೀಸೆಯವನು ಒಂದೊಂದೇ ಹಲ್ಲನ್ನು ಕುಟ್ಟುತ್ತ ಹೋದ. "ಇದಾ? ಇದಾ?" ಕೊನೆಯ ದವಡೆ ಹಲ್ಲಿಗೆ ಬಂದಾಗ ಗುಮಾಸ್ತರು ಹೂಂಗುಟ್ಟಿದರು. ಅವನು ಬಗ್ಗಿ ನೋಡಿ, ಕಕ್ಕಾಬಿಕ್ಕಿಯಾಗಿ ಅವರ ಕಿವಿಯ ಹತ್ತಿರ ಬಂದ.

"ಏನ್ರೀ ಇದು, ಕಲ್ಲಿನ ಹಾಗಿದೆ ಹಲ್ಲು!"

"ಕೀಳಿ," ಎಂದು ಪಿಸುಗುಟ್ಟಿದರು ಗುಮಾಸ್ತರು.

"ಹುಳುಕಿಲ್ಲ, ಬಾವಿಲ್ಲ..."

"ನಿಮ್ಮ ಕಾಲಿಗೆ ಬೀಳ್ತೀನಿ, ಕೀಳಿ!"

"ಬುದ್ಧಿಹಲ್ಲು, ಹೋದ್ರೂ ಅಂಥ ನಷ್ಟ ಇಲ್ಲ. ಬೇಡ ಅಂದ್ರೂ ಕೇಳದಿದ್ರೆ ನಿಮ್ಮಿಷ್ಟ. ಆದ್ರೆ ಇಲ್ಲಿ ಜೋಮು ಹಿಡಿಸೋ ಸೂಜಿ ಇಲ್ಲ, ಬರೀ ಲವಂಗದೆಣ್ಣೆ," ಎಂದು ಅವನು ಅಂಗಿಯ ತೋಳು ಮಡಚಿದ.

ಆಮೇಲೆ ನಡೆದದ್ದನ್ನು ವರ್ಣಿಸಲು ನನಗೆ ಮನಸ್ಸಿಲ್ಲ. ಕೋಟೆಯ ಮೇಲಿನ ಪಾರಿವಾಳಗಳೆಲ್ಲ ಒಮ್ಮೆಲೇ ಹಾರಿಹೋದವು ಎಂದಷ್ಟೇ ಹೇಳುತ್ತೇನೆ. ಹೆಂಡತಿ ಅಳುತ್ತಿದ್ದಳು. ಮೀಸೆಯವನು ಹಲ್ಲನ್ನು ಎತ್ತಿ ತೋರಿಸಿದಾಗ ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ದೊಡ್ಡ ಸಾಹೇಬರು. ಅವರು ನೇರವಾಗಿ ಕುರ್ಚಿಯ ಬಳಿಗೇ ಬಂದರು. ಬಾಯಿ ತುಂಬ ಹತ್ತಿ ತುರುಕಿಸಿಕೊಂಡಿದ್ದ ಗುಮಾಸ್ತರು ಆ ನೋವಿನಲ್ಲೂ ಗೆದ್ದೆ ಎಂದುಕೊಂಡು ಎದ್ದುನಿಂತರು.

ಸಾಹೇಬರು ಕೈ ಕುಲುಕಿದರು. "ಭೇಷ್! ತಾವು ಯಾರೋ ಗೊತ್ತಿಲ್ಲ, ಆದ್ರೆ ಇಂಥ ಗಂಡೆದೆ ನಾನು ನೋಡಿರ್ಲಿಲ್ಲ."

ಗುಮಾಸ್ತರು ಕಣ್ಣು ಕಣ್ಣು ಬಿಟ್ಟರು. ಯಾರೋ ಗೊತ್ತಿಲ್ಲವೇ? ದಿನಾ ಒಂದೇ ಲಿಫ್ಟಿನಲ್ಲಿ ನಮಸ್ಕಾರ ಹೊಡೆದದ್ದು?

"ನಮ್ಮ ಆಫೀಸಲ್ಲೂ ಒಬ್ಬ ಇದ್ದಾನೆ," ಎಂದು ಸಾಹೇಬರು ಅತಿಥಿಗಳ ಕಡೆ ತಿರುಗಿದರು. "ಅವನ ಮುಖ ನಾನು ಸರಿಯಾಗಿ ನೋಡಿದ್ದೂ ಇಲ್ಲ. ಹೆಡ್ ಕ್ಲರ್ಕ್ ಕೆಲಸಕ್ಕೆ ಅವನ ಹೆಸರೇ ಮುಂದಿತ್ತು. ಇವತ್ತು ಬೆಳಿಗ್ಗೆ ಫೋನ್ ಮಾಡಿ, ಹಲ್ಲುನೋವು ಅಂತ ರಜ ಹಾಕಿದ್ದಾನೆ! ಇವರನ್ನ ನೋಡಿದ ಮೇಲೆ ಅಂಥ ಪುಕ್ಕಲನಿಗೆ ಕೆಲಸ ಕೊಡೋಕೆ ಮನಸ್ಸು ಬರುತ್ತಾ? ಹೊಡೆದು ಹಾಕಿಬಿಟ್ಟೆ ಅವನ ಹೆಸರು." ಮತ್ತೆ ಇತ್ತ ತಿರುಗಿದರು. "ನಿಮ್ಮಂಥವರು ನಮಗೆ ಬೇಕು ಸ್ವಾಮಿ. ಎಲ್ಲಿ ಕೆಲಸ ಮಾಡೋದು ತಾವು?"

ಗುಮಾಸ್ತರು ಬಾಯಿ ತೋರಿಸಿ ಜೋರಾಗಿ ಅಡ್ಡಡ್ಡ ತಲೆಯಾಡಿಸಿದರು. ಆ ಹತ್ತಿಗೆ ಮನಸ್ಸಿನಲ್ಲೇ ಕೈ ಮುಗಿದರು.

"ಪಾಪ, ಅವರಿಗೆ ಮಾತಾಡೋಕಾಗಲ್ಲ ಸಾರ್," ಎಂದು ಜನರನ್ನು ಸರಿಸಿಕೊಂಡು, ಸುಟ್ಟ ತೋಳನ್ನು ಮಡಚುತ್ತ ಭಾವ ಮುಂದೆ ಬಂದ. "ಅದಕ್ಕೇನಂತೆ, ನಾನ್ ಹೇಳ್ತೀನಿ ಕೇಳಿ."