ಅಟ್ಟದ ಮೇಲಿನ ನನ್ನ ಅರ್ಧ

ನನಗೊಂದು ಚಟವಿದೆ. ಚಟ ಎನ್ನುವುದು ಮನೆಯವರು ಇಟ್ಟ ಹೆಸರು, ನಾನು ಒಪ್ಪಿಕೊಂಡದ್ದಲ್ಲ. ನಾನು ಹಳೆಯ ಕಂಪ್ಯೂಟರ್‌ಗಳನ್ನು ಕೂಡಿಡುತ್ತೇನೆ. ಕೀಬೋರ್ಡೇ ಕಂಪ್ಯೂಟರ್ ಆಗಿದ್ದ ಕಾಲದವು ಅವು. ವೈರನ್ನು ಟಿ.ವಿ.ಗೆ ಚುಚ್ಚಿ, ಹಿಂದಿನ ಸೀಳಿಗೆ ಆಟದ ಕ್ಯಾಸೆಟ್ ತುರುಕಿದರೆ ಪರದೆಯ ಮೇಲೆ ಚೌಕ ಮೂತಿಯ ಮನುಷ್ಯನೊಬ್ಬ ಹಳ್ಳ ಹಾರುತ್ತಾನೆ. ಅದಕ್ಕಿಂತ ಹೆಚ್ಚಿನ ಘನಕಾರ್ಯವನ್ನು ಅವುಗಳಿಂದ ಯಾರೂ ನಿರೀಕ್ಷಿಸಬಾರದು. ಇಂಥವು ನನ್ನ ಹತ್ತಿರ ಒಂಬತ್ತಿವೆ, ಜೊತೆಗೆ ಒಂದು ಗೋಣಿಚೀಲದ ತುಂಬ ಕ್ಯಾಸೆಟ್‌ಗಳು. ಗಂಡಸು ಹಳೆಯ ಮೋಟಾರ್ ಸೈಕಲ್ ಒರೆಸುತ್ತ ಕೂತರೆ ಅದು ಹವ್ಯಾಸ. ನಲವತ್ತೆಂಟು ವಯಸ್ಸಿನ ಹೆಂಗಸು ಹಳೆಯ ಕಂಪ್ಯೂಟರ್ ಒರೆಸಿದರೆ ಅವಳಿಗೆ ತಲೆ ಕೆಟ್ಟಿದೆ. ಕೆಟ್ಟಿದ್ದರೆ ಕೆಟ್ಟಿರಲಿ, ನನ್ನ ತಲೆ ತಾನೇ.

ನಾನು ತುರುವೇಕೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಮನೆ ಮಾಯಸಂದ್ರದ ಹತ್ತಿರ, ತೋಟದಲ್ಲಿ. ನಮ್ಮ ಕಡೆ ಮನುಷ್ಯರಿಗೆ ಜಾಗವಿಲ್ಲದಿದ್ದರೂ ತೆಂಗಿನಕಾಯಿಗೆ ಅಟ್ಟ ಇರಲೇಬೇಕು. ಕಾಯಿಯನ್ನು ಸಿಪ್ಪೆ ಸಮೇತ ಅಡಿಕೆ ದಬ್ಬೆಯ ಅಟ್ಟದ ಮೇಲೆ ಸುರಿದು, ಹತ್ತು ಹನ್ನೊಂದು ತಿಂಗಳು ಅದರ ಪಾಡಿಗೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಕೊಬ್ಬರಿಯಾಗುತ್ತದೆ. ವರ್ಷವಿಡೀ ಸುಮ್ಮನೆ ಬಿದ್ದಿರುವ ಕಾಯಿಗೆ ಇಷ್ಟು ಮರ್ಯಾದೆ ಕೊಡುವ ಜನ, ಅದರ ಪಕ್ಕದಲ್ಲೇ ಸುಮ್ಮನೆ ಬಿದ್ದಿರುವ ನನ್ನ ಕಂಪ್ಯೂಟರ್‌ಗಳನ್ನು ಮಾತ್ರ ಕಸ ಎನ್ನುತ್ತಾರೆ. ಇದ್ಯಾವ ನ್ಯಾಯ ಎಂದು ನನ್ನ ಯಜಮಾನರನ್ನು ಕೇಳಿದ್ದೆ. ಕಾಯಿ ಕೊಬ್ಬರಿಯಾಗುತ್ತದೆ, ಇವು ಏನಾಗುತ್ತವೆ ಎಂದು ಅವರು ತಿರುಗಿ ಕೇಳಿದರು. ಅದಕ್ಕೆ ಉತ್ತರ ಕೊಡುವ ಗೋಜಿಗೆ ನಾನು ಹೋಗಲಿಲ್ಲ.

ಉತ್ತರ ಇಲ್ಲದೆ ಅಲ್ಲ. ನಾನು ಓದಿದ ಹೈಸ್ಕೂಲಿನಲ್ಲಿ ಇಂಥದ್ದೇ ಒಂದು ಕಂಪ್ಯೂಟರ್ ಇತ್ತು. ಅದಕ್ಕೆ ಹೂವಿನ ಚಿತ್ತಾರದ ಬಟ್ಟೆ ಹೊದಿಸಿರುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು, ದೇವರ ಮನೆಗೆ ಹೋದಂತೆ ಒಳಗೆ ಹೋಗಬೇಕು. ಗಂಡುಹುಡುಗರು ಸರದಿಯಂತೆ ಕೀ ಒತ್ತುತ್ತಿದ್ದರು. ನಾವು ಹುಡುಗಿಯರು ಗೋಡೆಗೆ ಒರಗಿ, ಸ್ಕೇಲಿಟ್ಟು ನೋಟ್‌ಬುಕ್ಕಿನಲ್ಲಿ ಕೀಬೋರ್ಡಿನ ಚಿತ್ರ ಬರೆಯಬೇಕು. ನನ್ನ ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ ಮೇಷ್ಟ್ರು ಅದನ್ನು ತರಗತಿಗೆಲ್ಲ ತೋರಿಸಿ ಹೊಗಳಿದರು. ಆ ಹೊಗಳಿಕೆ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಈಗ ಒಂಬತ್ತನ್ನು ಇಟ್ಟುಕೊಂಡಿದ್ದೇನೆ, ಯಾವುದನ್ನು ಬೇಕಾದರೂ ಒತ್ತುತ್ತೇನೆ. ಯಾರು ಕೇಳುತ್ತಾರೋ ಕೇಳಲಿ.

ಕೇಳಿದವರು ಯಜಮಾನರೇ. ಈ ಸಲ ಫಸಲು ಜಾಸ್ತಿ, ಹೊಸ ಕಾಯಿ ಅಟ್ಟಕ್ಕೆ ಏರುವುದರೊಳಗೆ ಕೆಟ್ಟದ್ದನ್ನೆಲ್ಲ ತೆಗೆದು ಹಾಕು, ಒಳ್ಳೆಯದು ಇದ್ದರೆ ಇಟ್ಟುಕೋ ಎಂದರು. ಆಗಲಿ ಎಂದು ಹೇಳಿ, ಉತ್ತರಪತ್ರಿಕೆ ತಿದ್ದಲು ನಾನು ನಾಲ್ಕು ದಿನ ತುಮಕೂರಿಗೆ ಹೋದೆ. ವಾಪಸು ಬಂದಾಗ ನನ್ನ ಗೋಣಿಚೀಲ ಅರ್ಧವಾಗಿತ್ತು. ಅಡುಗೆಮನೆಯಲ್ಲಿ ಹೊಸದೊಂದು ನೀಲಿ ಪ್ಲಾಸ್ಟಿಕ್ ಬುಟ್ಟಿ ಇತ್ತು.

ನಮ್ಮತ್ತೆ ಕೊಬ್ಬರಿಯ ವಿಷಯದಲ್ಲಿ ಸುತ್ತಮುತ್ತ ಹೆಸರುವಾಸಿ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಡೆಯದೆಯೇ ಹೇಳುತ್ತಾರೆ. ನೀರು ಕುಲುಕಿದರೆ ಇನ್ನೂ ಕಾಲ ಬಂದಿಲ್ಲ. ಗುಡುಗುಡು ಎಂದರೆ ಕೊಬ್ಬರಿ. ಎರಡೂ ಇಲ್ಲವೆಂದರೆ ಒಳಗೆ ಕೆಟ್ಟಿದೆ. ಮಗ ಎಲ್ಲವನ್ನೂ ಎಸೆದುಬಿಟ್ಟಾನು, ಸೊಸೆಯ ಒಳ್ಳೆಯ ಮಾಲಾದರೂ ಉಳಿಯಲಿ ಎಂಬ ಅಕ್ಕರೆಯಿಂದ, ಅವರು ಒಂದೊಂದೇ ಕ್ಯಾಸೆಟ್ಟನ್ನು ಕಿವಿಗಿಟ್ಟು ಪರೀಕ್ಷೆ ಮಾಡಿದ್ದರು.

"ಸದ್ದು ಬಂದವ್ನೆಲ್ಲ ಜೋಪಾನವಾಗಿ ಇಟ್ಟಿವ್ನಿ ಕಣವ್ವ," ಎಂದರು. "ಸದ್ದಿಲ್ದವು ಒಳಗೇ ಕೆಟ್ಟೋಗಿದ್ವು. ಗುಜರಿಯೋನಿಗೆ ಹಾಕಿ ಈ ಬುಟ್ಟಿ ಇಸ್ಕೊಂಡೆ."

ಕ್ಯಾಸೆಟ್‌ಗಳ ಲೋಕದಲ್ಲಿ ಲೆಕ್ಕ ಉಲ್ಟಾ. ಒಳಗೆ ಸದ್ದಾದರೆ ಏನೋ ಮುರಿದಿದೆ ಎಂದೇ ಅರ್ಥ. ಅಂದರೆ ಒಳ್ಳೆಯದೆಲ್ಲ ಗುಜರಿಗೆ ಹೋಗಿ, ಮುರಿದದ್ದೆಲ್ಲ ಭದ್ರವಾಗಿ ಮನೆಯಲ್ಲಿತ್ತು. ನಾನು ಇದನ್ನು ಬಿಡಿಸಿ ಹೇಳಿದಾಗ ಅತ್ತೆಯ ಮುಖ ಸಣ್ಣದಾಯಿತು. ಬುಟ್ಟಿ ಎತ್ತಿಕೊಂಡು ಬಂದು ನನ್ನ ಸ್ಕೂಟರಿನ ಹಿಂದೆ ಕೂತರು. ಮಾಯಸಂದ್ರದ ಗುಜರಿ ಅಂಗಡಿಯಲ್ಲಿ ನನ್ನ ಕ್ಯಾಸೆಟ್‌ಗಳು ಮುರಿದ ಸ್ವಿಚ್ಚುಗಳ ಜೊತೆ ರಾಶಿಯಲ್ಲಿದ್ದವು. ಅಂಗಡಿಯವನು ಬುಟ್ಟಿ ವಾಪಸು ಕೊಟ್ಟರೆ ಸಾಕು ಎಂದ. ಬುಟ್ಟಿ ಚೆನ್ನಾಗಿದೆ, ಬದಲಿಗೆ ಹತ್ತು ಕಾಯಿ ಕಳಿಸುತ್ತೇನೆ ಎಂದು ಅತ್ತೆ ಅವನನ್ನು ಒಪ್ಪಿಸಿ, ಕ್ಯಾಸೆಟ್‌ಗಳನ್ನು ಅದೇ ಬುಟ್ಟಿಯಲ್ಲಿ ತುಂಬಿಕೊಂಡು ಬಂದರು.

ಭಾನುವಾರ ಪರೀಕ್ಷೆ ಎಂದು ಯಜಮಾನರು ಷರತ್ತು ಹಾಕಿದರು. ಬುಟ್ಟಿಯಲ್ಲಿ ಬಂದದ್ದರಲ್ಲಿ ಒಂದಾದರೂ ಓಡಿದರೆ ಅಟ್ಟದಲ್ಲಿ ಅರ್ಧ ನನಗೆ, ಇಲ್ಲದಿದ್ದರೆ ಕಂಪ್ಯೂಟರ್ ಸಮೇತ ಎಲ್ಲವೂ ಕೆಳಗೆ. ಯಜಮಾನರು ಕೈಕಟ್ಟಿ ಕುರ್ಚಿಯಲ್ಲಿ ಕೂತರು, ಅತ್ತೆ ಬಾಗಿಲ ಹತ್ತಿರ ನಿಂತರು. ನಾನು ಡಬ್ಬಾ ಟಿ.ವಿ.ಗೆ ವೈರು ಚುಚ್ಚಿ, ಮೊದಲನೆಯದನ್ನು ಉಫ್ ಎಂದು ಊದಿ ತುರುಕಿದೆ. ಪರದೆಯ ತುಂಬ ಇರುವೆಯಂತೆ ಕರಿಬಿಳಿ ಚುಕ್ಕಿ ಮುತ್ತಿದವು. ಎರಡನೆಯದಕ್ಕೆ ಇರುವೆಯೂ ಇಲ್ಲ, ಬರೀ ಕಪ್ಪು. ಹೀಗೆ ಬುಟ್ಟಿ ಖಾಲಿಯಾಗುತ್ತ ಬಂತು. ಯಜಮಾನರು ಆಗಲೇ ಅಟ್ಟದ ಕಡೆ ನೋಡುತ್ತ ಕಾಯಿ ಎಲ್ಲಿ ಸುರಿಯಬೇಕೆಂದು ಅಳೆಯುತ್ತಿದ್ದರು.

ಆಗ ನಾನೊಂದು ಕೆಲಸ ಮಾಡಿದೆ. ಅವರಿಗೆ ಬೆನ್ನು ಮಾಡಿ, ಅತ್ತೆ ಜೋಪಾನ ಮಾಡಿದ್ದ ಗೋಣಿಚೀಲಕ್ಕೆ ಕೈ ಹಾಕಿ, ಸಿಕ್ಕಿದ್ದನ್ನು ಸದ್ದಾಗದಂತೆ ಸೆರಗಿನಲ್ಲಿ ಸುತ್ತಿ ತೆಗೆದು, ಬುಟ್ಟಿಯದೇ ಎಂಬಂತೆ ತುರುಕಿದೆ. ಚೌಕ ಮೂತಿಯವನು ಪ್ರತ್ಯಕ್ಷನಾಗಿ ಟಣ್ಣನೆ ಹಳ್ಳ ಹಾರಿದ.

"ನೋಡಿದ್ರಾ? ಸದ್ದಿಲ್ಲದ್ದೇ ಒಳ್ಳೇದು ಅಂತ ಹೇಳ್ಲಿಲ್ವಾ?" ಎಂದೆ.

"ಸರಿ ಬುಡು ಮಾರಾಯ್ತಿ, ಅರ್ಧ ನಿಂದೇ," ಎಂದು ಯಜಮಾನರು ಎದ್ದು ತೋಟಕ್ಕೆ ಹೋದರು.

ಅತ್ತೆ ನಿಧಾನವಾಗಿ ಹತ್ತಿರ ಬಂದು ಆ ಕ್ಯಾಸೆಟ್ಟನ್ನು ಎಳೆದರು. ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರು. ಗುಡುಗುಡು ಎಂದಿತು. ನನ್ನ ಮುಖ ನೋಡಿದರು, ನಾನು ಟಿ.ವಿ. ನೋಡಿದೆ. ಅದನ್ನು ತಮ್ಮ ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿದರು.

"ನಾಳೀಕೆ ಆ ಒಂಬತ್ತೂ ಕಂಪ್ಯೂಟ್ರು ಇಳ್ಸವ್ವ," ಎಂದರು. "ಅವುನ್ನೂ ಒಂದ್ಸಲ ಅಲ್ಲಾಡ್ಸಿ ನೋಡ್ಬುಡಾನ."

ಆ ಸದ್ದು ಮುರಿದ ಪ್ಲಾಸ್ಟಿಕ್ ಚೂರಿನದು, ಆ ಕ್ಯಾಸೆಟ್ ಓಡಿದ್ದು ಬರೀ ಕಾಕತಾಳೀಯ. ಇಪ್ಪತ್ತು ವರ್ಷ ಕಂಪ್ಯೂಟರ್ ಪಾಠ ಮಾಡಿದವಳು ನಾನು, ಯಾರ ಮುಂದೆ ಬೇಕಾದರೂ ನಿಂತು ಹೀಗೆಂದು ವಾದಿಸುತ್ತೇನೆ. ಅತ್ತೆಯ ಮುಂದೆ ಮಾತ್ರ ವಾದಿಸಲಿಲ್ಲ. ಮರುದಿನ ಕಾಲೇಜಿಗೆ ಅರ್ಧ ದಿನ ರಜೆ ಹಾಕಿ, ಏಣಿ ಹತ್ತಿ, ಒಂಬತ್ತನ್ನೂ ಒಂದೊಂದಾಗಿ ಇಳಿಸಿಕೊಟ್ಟೆ.