ಕನ್ನಡದಾಗ ಅವ್ವ ಸಾಯಂಗಿಲ್ಲ

ನೋಡದ ಸಿನಿಮಾದ ಬಗ್ಗೆ ಆಣೆ ಹಾಕಿ ಮಾತಾಡುವವರು ಎರಡೇ ಬಗೆ. ಒಂದು, ಪೇಪರಿನಲ್ಲಿ ವಿಮರ್ಶೆ ಬರೆಯುವವರು, ಇನ್ನೊಂದು, ನಾನು. ಮೊದಲಿನವರಿಗೆ ಏನೂ ಆಗುವುದಿಲ್ಲ, ಅವರ ಓದುಗರು ದೂರ ಇರುತ್ತಾರೆ. ನನ್ನ ಕೇಳುಗರು ಬಂಡಿ ಹೂಡಿಕೊಂಡು ಬಂದು ಎದುರಿಗೇ ಕೂಡುತ್ತಾರೆ, ಕೈಯಲ್ಲಿ ಬಾರುಕೋಲು ಬೇರೆ ಇರುತ್ತದೆ. ಇದು ಚೆನ್ನಾಗಿ ಗೊತ್ತಿದ್ದೂ, ಸೇಡಂ ಸುತ್ತಲಿನ ಹಳ್ಳಿಗಳಲ್ಲೆಲ್ಲ ಮೈಕು ಹಿಡಿದು, ಸಾಯಲೇಬೇಕಾಗಿದ್ದ ಒಬ್ಬ ತಾಯಿ ಸಾಯುವುದಿಲ್ಲವೆಂದು ಸಾರಿ ಬಂದವನು ನಾನು. ತಪ್ಪು ಯಾರದೆಂದು ಕೊನೆಯವರೆಗೆ ಹುಡುಕುವ ತೊಂದರೆ ನಿಮಗೆ ಬೇಡವೆಂದು ಮೊದಲೇ ಹೇಳಿಬಿಟ್ಟಿದ್ದೇನೆ.

ಸೇಡಂ ಊರ ಹೊರಗೆ ಬಸವಂತಪ್ಪ ಸಾವುಕಾರರ ಟೆಂಟ್ ಟಾಕೀಸು ಇತ್ತು. ಅದರ ಜಾಹೀರಾತಿನ ಗಂಟಲು ನಾನು. ಸಾವುಕಾರರ ಹಳೆಯ ಜೀಪಿನಲ್ಲಿ ಕೂತು ಹಳ್ಳಿ ಹಳ್ಳಿ ತಿರುಗಿ ಚಿತ್ರದ ಗುಣಗಾನ ಮಾಡುವುದು ಕೆಲಸ. ಈ ಕೆಲಸ ನನಗೆ ಸಿಕ್ಕದ್ದು ನಕಲು ಮಾಡುವ ಚಟದಿಂದ. ತಹಶೀಲ್ದಾರರು ಸೀನುವುದು, ಕನ್ನಡ ಮಾಸ್ತರರು ಬಯ್ಯುವ ಮೊದಲು ಮೂಗಿನಲ್ಲಿ ಗಾಳಿ ಬಿಡುವುದು, ಸಾವುಕಾರರು ದುಡ್ಡು ಕೇಳಿದಾಗ ಕಿವುಡರಾಗಿ ದುಡ್ಡು ಕೊಟ್ಟಾಗ ಮತ್ತೆ ಕಿವಿ ಪಡೆಯುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಒಮ್ಮೆ ಗೆಳೆಯರು ‘ನಿನ್ನದೇ ನಕಲು ಮಾಡು’ ಅಂದರು. ಹತ್ತು ಜನರ ದನಿಯಲ್ಲಿ ಹತ್ತು ಸಲ ಮಾತಾಡಿ, ನಡುವೆ ಒಂದು ಭಜಿ ಕದ್ದು ತಿಂದು ತೋರಿಸಿದೆ. ‘ಬರೋಬರಿ ಅದ’ ಎಂದು ಎಲ್ಲರೂ ಒಪ್ಪಿದರು.

ನಮ್ಮ ಕಡೆಯ ಪ್ರೇಕ್ಷಕರಿಗೆ ಸಿನಿಮಾ ತೋರಿಸುವುದೆಂದರೆ ಅಡುಗೆ ಭಟ್ಟರಿಗೆ ಊಟ ಬಡಿಸಿದ ಹಾಗೆ. ಪೂರ್ವಕ್ಕೆ ಗಡಿ ದಾಟಿದರೆ ತಾಂಡೂರು, ಅಲ್ಲಿ ತೆಲುಗು ಚಿತ್ರ. ಪಶ್ಚಿಮಕ್ಕೆ ವಾಡಿ ಜಂಕ್ಷನ್, ಅಲ್ಲಿ ಹಿಂದಿ ಚಿತ್ರ. ವಾಡಿಯಲ್ಲಿ ಗಾಡಿ ಬದಲಿಸುವವರಿಗೆ ಮುಂದಿನ ಗಾಡಿ ಬರುವ ತನಕ ಬೇರೆ ಉದ್ಯೋಗ ಏನಿರುತ್ತದೆ? ಹೀಗಾಗಿ ಯಾವುದೇ ಕಥೆ ಕನ್ನಡದಲ್ಲಿ ರೀಮೇಕ್ ಆಗಿ ಮರುಹುಟ್ಟು ಪಡೆದು ನಮ್ಮ ಟೆಂಟಿಗೆ ಬರುವಷ್ಟರಲ್ಲಿ ನಮ್ಮ ಜನ ಅದರ ನಾಮಕರಣ, ಜವಳ ಎರಡನ್ನೂ ಮುಗಿಸಿ ಬಂದಿರುತ್ತಿದ್ದರು. ಟೆಂಟಿನಲ್ಲಿ ಕೂತು ಪರದೆಗಿಂತ ಮುಂದೆ ಓಡುತ್ತಿದ್ದರು. ‘ಈಗ ನೋಡು, ಬಾಗಿಲ ಹಿಂದ ಕಳ್ಳ ಅದಾನ’ ಎಂದು ಒಬ್ಬ. ‘ಹಿಂದ್ಯಾಗ ಕಳ್ಳಗ ಮೀಸಿ ಇತ್ತು, ಇವಗ ಇಲ್ಲ, ಏನ ಹೆದರ್ಕಿ ಬರತದ?’ ಎಂದು ಇನ್ನೊಬ್ಬ.

ಸಿನಿಮಾವನ್ನು ನಾಟಕ ಮಾಡಿದವರ ಪಾಡೂ ಇದೇ. ಆಡಕಿಯ ಹುಡುಗರು ಒಂದು ಹಿಂದಿ ಚಿತ್ರಕ್ಕೆ ಇಪ್ಪತ್ತು ಹಾಡು ಸೇರಿಸಿ ಸಂಗೀತ ನಾಟಕ ಕಟ್ಟಿದ್ದರು. ಅದರಲ್ಲಿ ನಾಯಕ ಚಿಕ್ಕಂದಿನಲ್ಲಿ ರೈಲು ಸ್ಟೇಷನ್ನಿನಲ್ಲಿ ತಾಯಿಯ ಕೈತಪ್ಪಿ ಕಳೆದುಹೋಗಬೇಕು. ರೈಲಿನ ಪಾತ್ರ ನನ್ನದು. ಪರದೆಯ ಹಿಂದೆ ನಿಂತು ಎಂಜಿನ್ನಿನಂತೆ ಉಸಿರು ಬಿಟ್ಟು, ಜೀವ ಒತ್ತೆಯಿಟ್ಟು ಸೀಟಿ ಹೊಡೆದೆ. ಮುಂದೆ ಕೂತಿದ್ದ ವಾಡಿಯ ರೈಲ್ವೆ ಜನರಲ್ಲಿ ಒಬ್ಬ ಎದ್ದು ನಿಂತ. ‘ಏ ತಮ್ಮಾ, ಇದು ಗೂಡ್ಸ್ ಗಾಡಿ ಸೀಟಿ. ಗೂಡ್ಸ್ ಗಾಡ್ಯಾಗ ಹೆಣ್ಣಮಗಳು ಹೆಂಗ ಕುಂತಾಳ?’ ಎಂದ. ನಾಟಕ ನಿಂತಿತು. ನಾನು ಪ್ಯಾಸೆಂಜರ್ ಗಾಡಿಯ ಸೀಟಿ ಹೊಡೆದ ಮೇಲೆಯೇ ಆ ತಾಯಿಗೆ ಮಗನನ್ನು ಕಳಕೊಳ್ಳಲು ಪರವಾನಗಿ ಸಿಕ್ಕಿತು. ಖಳನಾಯಕ ಚೂರಿಯಿಂದ ಇರಿಸಿಕೊಂಡು ಬಿದ್ದು ಹಾಡಿದ ಹಾಡಿಗೆ ಜನ ‘ಒನ್ಸ್ ಮೋರ್’ ಎಂದರು. ಪಾಪ, ಅವನು ಎದ್ದು ಧೂಳು ಝಾಡಿಸಿಕೊಂಡು, ಮತ್ತೆ ಇರಿಸಿಕೊಂಡು, ಮತ್ತೆ ಹಾಡಿದ. ‘ಸಿನ್ಮಾದಾಗ ಇಷ್ಟು ಹೊತ್ತು ಸಾಯಂಗಿಲ್ಲ’ ಎಂದು ಒಬ್ಬ ಮುತ್ಯಾ ಅದರಲ್ಲೂ ಕೊಂಕು ತೆಗೆದ.

ಇಂಥ ಜನರ ನಡುವೆ ಸಾಲಾಗಿ ಮೂರು ಮರುಹುಟ್ಟಿನ ಚಿತ್ರಗಳು ನಮ್ಮ ಟೆಂಟಿನಲ್ಲಿ ಮಕಾಡೆ ಮಲಗಿದವು. ಸಾವುಕಾರರು ನನ್ನನ್ನು ಕರೆದರು. ‘ಶರಣ್ಯಾ, ಇನ್ನೊಂದು ಕನ್ನಡ ಪಿಚ್ಚರ್ ತರಸಾಕತ್ತೀನಿ. ಇದೂ ಬಿತ್ತಂದ್ರ ಟೆಂಟ್ ಬಿಚ್ಚಿ ತಾಂಡೂರಕ್ಕ ಒಯ್ದು ತೆಲುಗು ಪಿಚ್ಚರ್ ಹಾಕತೀನಿ. ನಿನಗ ತೆಲುಗು ಬರತದೇನು?’ ಎಂದರು. ನನಗೆ ತೆಲುಗಿನಲ್ಲಿ ಬರುತ್ತಿದ್ದುದು ಬೈಗುಳ ಮಾತ್ರ. ‘ಬರಂಗಿಲ್ರಿ’ ಎಂದೆ. ‘ಹಂಗಾರ ನೀ ಶಾಬಾದಕ್ಕ ನಿಮ್ಮ ಮಾವನ ಕಡಿ ಹೋಗು’ ಎಂದರು. ಮಾವ ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಮಷೀನಿನ ಮೇಲೆ ಕೆಲಸಕ್ಕಿದ್ದ. ಆ ಮಷೀನಿನ ಸದ್ದಿನಲ್ಲಿ ದಿನವಿಡೀ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ನಕಲು ಮಾಡುವವನಿಗೆ ಅದಕ್ಕಿಂತ ದೊಡ್ಡ ನರಕ ಯಾವ ಪುರಾಣದಲ್ಲೂ ಇಲ್ಲ. ಮೈಕು ಅಥವಾ ಮಷೀನು, ಈ ಎರಡರಲ್ಲಿ ಒಂದು ಎಂದು ನನ್ನ ಹಣೆಬರಹ ನಿಂತುಬಿಟ್ಟಿತು.

ಬರಲಿದ್ದ ಚಿತ್ರದ ಕಥೆ ನನಗೆ ಗೊತ್ತಿತ್ತು, ಏಕೆಂದರೆ ಹಿಂದಿಯಲ್ಲಿ ನೋಡಿದ್ದೆ. ಕಳೆದುಹೋದ ಮಗ ದೊಡ್ಡ ವಕೀಲನಾಗುತ್ತಾನೆ. ತಾಯಿ ಗೊತ್ತಿಲ್ಲದೆ ಅವನ ಮನೆಯಲ್ಲೇ ಪಾತ್ರೆ ತಿಕ್ಕುವ ಕೆಲಸಕ್ಕೆ ಸೇರುತ್ತಾಳೆ. ಗುರುತು ಸಿಕ್ಕ ಕೂಡಲೇ ಮಗನ ತೊಡೆಯ ಮೇಲೆ ಕಣ್ಣು ಮುಚ್ಚುತ್ತಾಳೆ. ಅಲ್ಲಿಗೆ ಸಮಾಪ್ತಿ. ಜೀಪು ಮೊದಲು ಕುರಕುಂಟಾಕ್ಕೆ ಹೋಯಿತು. ಅಲ್ಲಿ ಕಟ್ಟೆಯ ಮೇಲೆ ಸಿದ್ದಮ್ಮ ಆಯಿ ಮೊರದಲ್ಲಿ ತೊಗರಿಬೇಳೆ ಕೇರುತ್ತ ಕೂತಿದ್ದಳು. ಕುರಕುಂಟಾದ ಹೆಣ್ಣುಮಕ್ಕಳು ಸಿನಿಮಾಕ್ಕೆ ಹೋಗಬೇಕೋ ಬೇಡವೋ ಎಂಬುದು ಈ ಮುದುಕಿಯ ಬಾಯಲ್ಲಿ ತೀರ್ಮಾನವಾಗುತ್ತಿತ್ತು. ಅವಳು ಹೊರಟರೆ ಬಂಡಿಗಳು ಸಾಲುಗಟ್ಟಿ ಹೊರಡುತ್ತಿದ್ದವು.

‘ಏ ಶರಣ್ಯಾ, ಇದು ಆ ಭಾಂಡಿ ತಿಕ್ಕೋ ಅವ್ವನ ಪಿಚ್ಚರೇ ಹೌದಲ್ಲೋ?’ ಎಂದಳು.

‘ಹೌದು ಆಯಿ. ಆದ್ರ ಕನ್ನಡದಾಗ ಬ್ಯಾರೆ ಅದ.’

‘ಏನ ಬ್ಯಾರೆ ಅದ? ಭಾಂಡಿ ಬ್ಯಾರೆ ಅವ ಏನು?’

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಆಯಿಗೆ ಹುರುಪು ಬಂತು. ‘ವಾಡ್ಯಾಗ ನೋಡಿ ಅತ್ತೀನಿ. ತಾಂಡೂರಕ್ಕ ಮಗಳ ಮನಿಗಿ ಹೋದಾಗ ನೋಡಿ ಅತ್ತೀನಿ. ತೆಲುಗು ಒಂದಕ್ಷರ ತಿಳೀಲಿಲ್ಲ, ಆದ್ರೂ ಅತ್ತೀನಿ. ಒಂದೇ ಹೆಣದ ಮುಂದ ಎಷ್ಟು ಸರ್ತಿ ಅಳಬೇಕೋ? ನಮ್ಮನಿ ಮುದುಕ ಸತ್ತಾಗೂ ಒಂದೇ ಸರ್ತಿ ಅತ್ತೀನಿ!’

ಜನ ಎದ್ದು ಹೋಗತೊಡಗಿದರು. ನನ್ನ ಕಿವಿಯಲ್ಲಿ ಶಹಾಬಾದಿನ ಮಷೀನು ಗರಗರ ಶುರುವಾಯಿತು. ಮೈಕು ಬಾಯಿಯ ಮುಂದೆಯೇ ಇತ್ತು. ಅದೇನು ಹೊಕ್ಕಿತೋ ಕಾಣೆ, ‘ಆಯಿ, ಕನ್ನಡದಾಗ ಅವ್ವ ಸಾಯಂಗಿಲ್ಲ!’ ಎಂದುಬಿಟ್ಟೆ. ಇಡೀ ಓಣಿ ನಿಂತಿತು. ಆಯಿ ಮೊರ ಕೆಳಗಿಟ್ಟಳು. ‘ಖರೇನಾ?’ ‘ಖರೇ ಆಯಿ.’ ‘ಆಣಿ ಮಾಡು.’ ‘ಈ ಮೈಕಿನ ಆಣಿ!’ ಎಂದೆ. ಒಂದು ಸುಳ್ಳು ಹೇಳಿದ ಮೇಲೆ ಗಂಟಲು ಸಡಿಲಾಗುತ್ತದೆ. ಆಡಕಿಯಲ್ಲಿ ಆ ತಾಯಿ ಮಗನ ಮದುವೆಗೆ ಅಕ್ಕಿಕಾಳು ಹಾಕಿದಳು. ಮರುದಿನ ಕೊಡ್ಲಿ ಮುಟ್ಟುವ ಹೊತ್ತಿಗೆ ಮೊಮ್ಮಗನ ತೊಟ್ಟಿಲು ತೂಗುತ್ತಿದ್ದಳು. ಜೀಪಿನ ಡೀಸೆಲ್ ಮುಗಿಯಿತು, ಇಲ್ಲದಿದ್ದರೆ ಚಿಂಚೋಳಿಯಲ್ಲಿ ಅವಳನ್ನು ಪಂಚಾಯತಿ ಎಲೆಕ್ಷನ್ನಿಗೆ ನಿಲ್ಲಿಸುತ್ತಿದ್ದೆ.

ಚಿತ್ರದ ಡಬ್ಬಿಗಳು ಬಂದದ್ದು ಮೊದಲ ಆಟದ ದಿನವೇ, ಮಧ್ಯಾಹ್ನದ ಗಾಡಿಗೆ. ಹಗಲಿನಲ್ಲಿ ಟೆಂಟಿನ ಪರದೆ ಮೇಲೆ ಏನೂ ಕಾಣುವುದಿಲ್ಲವಾದ್ದರಿಂದ ಮೊದಲೇ ಹಾಕಿ ನೋಡುವ ಹಾಗಿರಲಿಲ್ಲ. ಸಂಜೆ ಕುರಕುಂಟಾ ಕಡೆಯಿಂದ ಬಂಡಿಗಳ ಸಾಲು ಕಂಡಾಗ ಸಾವುಕಾರರು ನನ್ನ ಬೆನ್ನು ತಟ್ಟಿದರು. ನನಗೆ ಅದು ಸಂತೆಯಲ್ಲಿ ಕುರಿಯ ಬೆನ್ನು ತಟ್ಟಿದ ಹಾಗೆ ಅನಿಸಿತು. ಹೆಂಗಸರ ಕಡೆ ಎಲ್ಲಕ್ಕಿಂತ ಮುಂದೆ ಸಿದ್ದಮ್ಮ ಆಯಿ. ಅವಳ ಪಕ್ಕದಲ್ಲಿ, ಮಗನ ಪರಾಕ್ರಮ ನೋಡಲು ಬಂದ ನನ್ನ ಹಡೆದವ್ವ.

ನಮ್ಮ ಟೆಂಟಿನಲ್ಲಿ ಇದ್ದದ್ದು ಒಂದೇ ಮಷೀನು. ಒಂದು ರೀಲು ಮುಗಿದರೆ ಲೈಟು ಹತ್ತಬೇಕು, ಆಪರೇಟರ್ ಖಾಜಾ ಚಾಚಾ ಇನ್ನೊಂದು ಡಬ್ಬಿ ಬಿಚ್ಚಿ ಹಚ್ಚಬೇಕು, ಅಷ್ಟರಲ್ಲಿ ಜನ ಮಿರ್ಚಿ ಭಜಿ ತಿಂದು ಬರಬೇಕು. ಪ್ರತಿ ಸಲ ಲೈಟು ಹತ್ತಿದಾಗ ಆಯಿಯ ಕೂಗು: ‘ಶರಣ್ಯಾ, ಇಲ್ಲಿತನಾ ಎಲ್ಲಾ ಅದೇ ಅದಲ್ಲೋ! ಭಾಂಡೀನೂ ಅವೇ!’ ‘ಮುಂದ ಅದ ಆಯಿ, ಮುಂದ ಅದ!’ ಎಂದು ನಾನು. ಪರದೆಯ ಮೇಲಿನ ತಾಯಿಗೆ ಕೆಮ್ಮು ಶುರುವಾಯಿತು. ಖಾಜಾ ಚಾಚಾನ ಹತ್ತಿರ ಓಡಿದೆ. ‘ಚಾಚಾ, ಅವ್ವ ಕಣ್ಣು ಮುಚ್ಚಿದ ಕೂಡ್ಲೆ ಮಷೀನ್ ಬಂದ್ ಮಾಡ್ರಿ, ಲೈಟ್ ಹಚ್ಚಬ್ಯಾಡ್ರಿ.’ ‘ಬೇಟಾ, ಲೈಟಿಗಿ ಹಿಡಿದು ನೋಡೀನಿ, ರೀಲ್ ಹೆಂಗೂ ಅಲ್ಲೇ ಖತಮ್ ಆಗ್ತದ. ಆದ್ರ ಅದರ ಮ್ಯಾಲ ಇನ್ನೂ...’ ಎಂದು ಅವನೇನೋ ಹೇಳುತ್ತಿದ್ದ. ಕೇಳಲು ಪುರಸೊತ್ತು ಯಾರಿಗೆ? ಮೈಕು ಹಿಡಿದು ಪರದೆಯ ಹಿಂದೆ ಹೊಕ್ಕೆ.

ತಾಯಿ ಮಗನ ತೊಡೆಯ ಮೇಲೆ ಕಣ್ಣು ಮುಚ್ಚಿದಳು. ಮಗ ಬಾಯಿ ತೆರೆದ. ಕತ್ತಲಾಯಿತು. ಹೆಂಗಸರ ಕಡೆಯಿಂದ ‘ಎಲ್ಲಿ ಅದಾನ ಆ ಸುಳ್ಳಬುರಕ?’ ಎಂಬ ದನಿ ಎದ್ದಿತು. ಪರದೆಯ ಮೇಲಿನ ತಾಯಿ ಬೆಂಗಳೂರಿನ ನಯವಾದ ಕನ್ನಡ ಆಡಿದ್ದಳು. ಅದನ್ನೇ ನಕಲು ಮಾಡಬೇಕೆಂದಿದ್ದೆ. ಆದರೆ ಹೆದರಿದ ಗಂಟಲಿಗೆ ಆ ಗಳಿಗೆಯಲ್ಲಿ ಗೊತ್ತಿದ್ದದ್ದು ಒಬ್ಬಳೇ ತಾಯಿ. ಅವಳ ದನಿಯೇ ಹೊರಬಿತ್ತು.

‘ಏ ಮೂಳಾ, ಏನ ಹಂಗ ಬಾಯಿ ತೆರದು ಅಳಾಕತ್ತೀದಿ? ನಾ ಎಲ್ಲಿ ಸತ್ತೀನಿ? ದಿನಾ ಭಾಂಡಿ ತಿಕ್ಕಿ ಸಾಕಾಗಿ ಜರಾ ಕಣ್ಣ ಮುಚ್ಚಿದ್ರ ಹೆಣಾ ಮಾಡಿ ಕೂಡ್ತೀರಿ. ಏಳು, ಮಕ ತೊಳಕೋ, ರೊಟ್ಟಿ ತಿನ್ನು!’

ಟೆಂಟು ಹಾರಿಹೋಗುವಷ್ಟು ಸೀಟಿ ಬಿದ್ದವು. ಹೆಗಲ ಮೇಲಿನ ಟವೆಲುಗಳು ಮೇಲಕ್ಕೆ ಹಾರಿದವು. ‘ನಮ್ಮ ಕಡಿ ಮಾತು ಆಡಿದಳಪೋ!’ ‘ಇದಕ್ಕಂತಾರ ಅವ್ವ!’ ಆಯಿ ಚಪ್ಪಾಳೆ ಹೊಡೆದದ್ದು ಪರದೆಯ ಹಿಂದೆ ನನಗೇ ಕೇಳಿಸಿತು. ನಾನು ಎರಡೂ ಕೈ ಎತ್ತಿ ಕತ್ತಲಿಗೆ ನಮಸ್ಕಾರ ಮಾಡಿದೆ.

ಆಗ ಮಷೀನು ಮತ್ತೆ ಚಾಲೂ ಆಯಿತು. ಖಾಜಾ ಚಾಚಾ ಹೇಳಹೊರಟದ್ದು ಇಷ್ಟೇ: ಇನ್ನೂ ಒಂದು ಡಬ್ಬಿ ಉಳಿದಿತ್ತು. ‘ಬ್ಯಾರೆ ಅದ’ ಎಂದ ನನ್ನ ಸುಳ್ಳು ನಿಜವಾಗಿತ್ತು; ಕನ್ನಡದ್ದು ನಿಜಕ್ಕೂ ಬೇರೆ ಇತ್ತು. ಹಿಂದಿಯವರು ತೊಡೆಯ ಮೇಲೆ ನಿಲ್ಲಿಸಿದ್ದರು. ನಮ್ಮವರು ಅವರಿಗಿಂತ ಒಂದು ಕೈ ಮುಂದೆ ಹೋಗಿ ಸ್ಮಶಾನವನ್ನೂ ಸೇರಿಸಿದ್ದರು. ಈಗಷ್ಟೇ ರೊಟ್ಟಿ ತಿನ್ನು ಎಂದ ತಾಯಿ ಕಟ್ಟಿಗೆಯ ಮೇಲೆ ಮಲಗಿದ್ದಳು. ಮಗ ಕೊಳ್ಳಿ ಹಿಡಿದು, ದೊಡ್ಡ ದನಿಯಲ್ಲಿ ಹಾಡುತ್ತ, ಸುತ್ತ ತಿರುಗುತ್ತಿದ್ದ.

‘ಏ, ಅಕಿಗಿ ಜೀವ ಅದರೋ!’ ಎಂದು ಒಬ್ಬ ಚೀರಿದ. ‘ಈಗರೆ ಮಾತಾಡ್ಯಾಳ! ಇಳಸ್ರೋ!’ ‘ಹೂಳಿದ್ರ ಕೆದರಿ ತಗೀತಿದ್ದಿವಿ, ಈ ಮುಕಳ್ಯಾ ಸುಡಾಕತ್ತಾನಲ್ಲೋ!’ ಎಂದು ಆಯಿ ಎದ್ದು ನಿಂತಳು. ಪರದೆಯ ಮೇಲೆ ಬೆಂಕಿ ಹತ್ತಿತು. ಸೋಡಾ ಅಂಗಡಿಯ ಮುಂದಿನ ಕೊಡ ಎತ್ತಿಕೊಂಡು ಯಾರೋ ಪುಣ್ಯಾತ್ಮ ಓಡಿ ಬಂದು ಪರದೆಗೆ ದಬಾರನೆ ನೀರು ಸುರಿದ. ಬೆಂಕಿ ಆರಲಿಲ್ಲ, ಹಿಂದೆ ಇದ್ದ ನಾನು ತೊಯ್ದೆ. ಮೈಕು ಇನ್ನೂ ಕೈಯಲ್ಲಿತ್ತು, ಗಂಟಲಲ್ಲಿ ಇನ್ನೂ ಅವ್ವ ಇದ್ದಳು. ‘ಯಪ್ಪಾ, ತೊಯ್ದೆನಲ್ಲೋ!’ ಎಂದೆ. ‘ಇನ್ನಾ ಜೀವ ಅದ! ಇನ್ನೊಂದು ಕೊಡ ತರ್ರಿ!’ ಎಂದು ಇಡೀ ಟೆಂಟು ಕೂಗಿತು. ಹೆಂಗಸರೆಲ್ಲ ಒಮ್ಮೆ ಪರದೆಯನ್ನು, ಒಮ್ಮೆ ನನ್ನ ಹಡೆದವ್ವನನ್ನು ನೋಡತೊಡಗಿದ್ದರಂತೆ. ಮನೆಗೆ ಬಂದ ಮೇಲೆ ಅವ್ವ ಬಯ್ಯಲಿಲ್ಲ. ‘ನಾ ಸತ್ತೀನಿ, ನಿನಗ ರೊಟ್ಟಿ ಬಡಿಯವ್ರು ಯಾರೂ ಇಲ್ಲ’ ಎಂದು ಒಲೆ ಆರಿಸಿ ಮಲಗಿದಳು.

ಟೆಂಟಿನಲ್ಲಿ ಸಾವುಕಾರರು ನನ್ನ ಒದ್ದೆ ಅಂಗಿ ಹಿಡಿದು, ‘ನಡಿ, ಶಾಬಾದ ಗಾಡಿ ಹತ್ತು’ ಎಂದಿದ್ದರು. ‘ಬ್ಯಾರೆ ಅದ ಅಂದಿದ್ದೆ, ಬ್ಯಾರೆ ಇಲ್ಲೇನ್ರಿ?’ ಎಂದು ನಡುಗುತ್ತಲೇ ವಾದಿಸಿದ್ದೆ. ಗಂಟು ಕಟ್ಟಿಯೂ ಆಗಿತ್ತು. ಆದರೆ ಮರುದಿನ ಸಂಜೆ ಬಂಡಿಗಳು ನಿನ್ನೆಗಿಂತ ಹೆಚ್ಚು ಬಂದವು. ವಾಡಿಯಿಂದ ಗಾಡಿಯಲ್ಲಿ ಜನ ಬಂದರು, ತಾಂಡೂರಿನಿಂದಲೂ ಬಂದರು. ‘ಹಿಂದ್ಯಾಗ ನೋಡೀವಿ, ತೆಲುಗಿನ್ಯಾಗ ನೋಡೀವಿ, ಚಿತಿ ಮ್ಯಾಗಿಂದ ಮಗಗ ಬಯ್ಯೋ ಅವ್ವನ್ನ ಎಲ್ಲೂ ನೋಡಿಲ್ಲ’ ಎಂದರು. ಸಾವುಕಾರರು ನನ್ನ ಗಂಟನ್ನು ತಾವೇ ಬಿಚ್ಚಿದರು. ‘ನಿನ್ನೆ ಹೆಂಗ ಮಾಡಿದ್ಯೋ ಹಂಗೇ ಮಾಡು. ಆ ನೀರ ಹಾಕಿದವನ್ನೂ ಕರಿ’ ಎಂದರು. ಟೆಂಟು ಸೇಡಂನಲ್ಲೇ ಉಳಿಯಿತು. ಅವ್ವನ ಒಲೆಯೂ ಹತ್ತಿತು, ಆದರೆ ಅವಳು ಮತ್ತೆ ಆ ಟೆಂಟಿನ ಕಡೆ ಹಾಯಲಿಲ್ಲ.

ನನ್ನ ತಲೆ ಮಾತ್ರ ಟೊಪ್ಪಿಗೆಗೆ ಹಿಡಿಸದಂತಾಯಿತು. ಮರುಹುಟ್ಟಿನ ಚಿತ್ರಗಳನ್ನು ತೆಗೆಯುವವರು ನನ್ನ ಹತ್ತಿರ ಬಂದು ಪಾಠ ಕಲಿಯಬೇಕೆಂದು ಹೋದಲ್ಲೆಲ್ಲ ಭಾಷಣ ಮಾಡತೊಡಗಿದೆ. ಹಾಗೆಯೇ ಕುರಕುಂಟಾಕ್ಕೂ ಹೋದೆ. ಕಟ್ಟೆಯ ಮುಂದೆ ಜೀಪು ನಿಲ್ಲಿಸಿ, ಊರೆಲ್ಲ ಕೇಳಲಿ ಎಂದು ಮೈಕಿನಲ್ಲೇ, ‘ಏನ ಆಯಿ, ಹಿಂದಿಯವ್ರ ಪಿಚ್ಚರ್ ಛಲೋನೋ, ನಮ್ಮದು ಛಲೋನೋ? ಈಗರೆ ಹೇಳು!’ ಎಂದು ಮೈಕನ್ನು ಅವಳ ಬಾಯಿಯ ಮುಂದೆ ಹಿಡಿದೆ. ಸಿದ್ದಮ್ಮ ಆಯಿ ಮೈಕು ಹಿಡಿದದ್ದು ಅದೇ ಮೊದಲು. ಗಂಟಲು ಸರಿಮಾಡಿಕೊಂಡು, ಇಡೀ ಕುರಕುಂಟಾಕ್ಕೆ ಕೇಳುವಂತೆ ಹೇಳಿದಳು:

‘ಹಿಂದ್ಯಾಗ ಒಂದು ಸರ್ತಿ ಸತ್ತಳು, ತೆಲುಗಿನ್ಯಾಗ ಒಂದು ಸರ್ತಿ ಸತ್ತಳು. ನಿನ್ನ ಕೈಯಾಗ ಸಿಕ್ಕು ದಿನಾ ಎರಡು ಸರ್ತಿ ಸಾಯಾಕತ್ತಾಳಲ್ಲೋ ಭಾಡ್ಯಾ! ಇನ್ನ ಮ್ಯಾಲ ಯಾರ್ನೂ ಉಳಸಾಕ ಹೋಗಬ್ಯಾಡ!’