ಎಲ್ಲರಿಗೂ ಬಂದ್ ಮಾಡಿದ ದಿನ

ಬೀಗದ ವಿಷಯದಲ್ಲಿ ನನಗೆ ಸ್ವಲ್ಪ ಸೊಕ್ಕಿದೆ, ಒಪ್ಪಿಕೊಳ್ಳುತ್ತೇನೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಅಕ್ಕಲಕೋಟೆಯಿಂದ ಸೋಲಾಪುರಕ್ಕೆ ಬಂದವನು ನಾನು. ಚಾದರದ ಕಾರಖಾನೆಯಲ್ಲಿ ಹಮಾಲನಾಗಿ ಸೇರಿ, ಗೋದಾಮಿನ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುವವರೆಗೆ ಬಂದೆ. ಸಂಜೆ ಎಲ್ಲರನ್ನೂ ಹೊರಗೆ ಕಳಿಸಿ, ಒಬ್ಬನೇ ಒಳಗೆಲ್ಲ ಸುತ್ತಿ ಬಂದು ಬೀಗ ಹಾಕಿ, ಮೂರು ಸಲ ಜಗ್ಗಿ ನೋಡುತ್ತೇನೆ. ಮಾಲಕರ ಮಗನೇ ಬಂದು ಚಾದರ ಕೇಳಿದರೂ "ಯಾಕ ಬೇಕ್ರಿ?" ಎನ್ನದೆ ಬಾಗಿಲು ತೆರೆದವನಲ್ಲ. ಸಕ್ಕರೆ ಕೇಳಿದ ಹೆಂಡತಿಗೂ ಇದೇ ಪ್ರಶ್ನೆ ಹಾಕಿ ಒಂದು ಹೊತ್ತಿನ ಚಹಾ ಕಳೆದುಕೊಂಡಿದ್ದೇನೆ.

ಹೀಗಿರುವಾಗ ಆಫೀಸಿಗೆ ಸರ್ವರ್ ಬಂತು. ನಾಲ್ಕು ಮೇಜಿನ ಕಂಪ್ಯೂಟರುಗಳ ಕಾಗದಪತ್ರವೆಲ್ಲ ಅದರ ಹೊಟ್ಟೆಯಲ್ಲಿ. ಯಾರು ಯಾವುದನ್ನು ತೆರೆಯಬಹುದು ಎಂಬುದನ್ನೂ ಅದರಲ್ಲೇ ನಮೂದಿಸಬೇಕು. "ಇದೂ ಒಂದು ಗೋದಾಮಽ ಮಲ್ಲಪ್ಪ. ಇದರ ಕೀಲಿನೂ ನೀನಽ ಇಟ್ಕೊ," ಎಂದರು ಮಾಲಕರು. ಪುಣೆಯಿಂದ ಬಂದ ಇಂಜಿನಿಯರ್ ಎರಡು ದಿನ ಕಲಿಸಿದ. ಇಂಗ್ಲಿಷ್ ಮಾತುಗಳನ್ನು ಚಾದರದ ಗಂಟಿನ ಮೇಲಿನ ಗುರುತುಗಳಂತೆ ನೆನಪಿಟ್ಟುಕೊಂಡೆ. ತೊಡಕಾದರೆ ಇರಲಿ ಎಂದು ಆತ ಕೊಟ್ಟ ಫೋನ್ ನಂಬರನ್ನು, ದಿನವೂ ಹೊರಹೋಗುವ ಮಾಲಿನ ಯಾದಿ ಟೈಪ್ ಮಾಡುವ ಸುಮನಬಾಯಿಗೆ ದಾಟಿಸಿದೆ. ನನಗೇಕೆ ಬೇಕು?

ಒಂದು ಬೆಳಿಗ್ಗೆ ನೋಡಿದರೆ, ಆ ಯಾದಿಯನ್ನು ಯಾರು ಬೇಕಾದರೂ ತೆರೆಯುತ್ತಿದ್ದಾರೆ. ಮೈಯೆಲ್ಲ ಉರಿಯಿತು. ಗೋದಾಮಿನ ಕ್ರಮದಲ್ಲೇ ಕೆಲಸಕ್ಕಿಳಿದೆ. ಮೊದಲು ಎಲ್ಲರಿಗೂ ಬಂದ್. ಆಮೇಲೆ ನನ್ನೊಬ್ಬನ ಹೆಸರಿಗೆ ಪೂರ್ತಿ ಪರವಾನಗಿ. ಉಳಿದವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ ಒಳಗೆ ಬಿಟ್ಟರಾಯಿತು. ಗುಂಡಿ ಒತ್ತಿದ ಮೇಲೆ ಅಭ್ಯಾಸಬಲದಿಂದ ಸರ್ವರಿಟ್ಟ ಕಪಾಟನ್ನೂ ಮೂರು ಸಲ ಜಗ್ಗಿದೆ.

"ಕಾಕಾ, ಯಾದಿ ತೆರಿವಲ್ದು. ಅಂಗಳದಾಗ ಟ್ರಕ್ ನಿಂತದ," ಎಂದರು ಸುಮನಬಾಯಿ.

"ತಡೀರಿ ಬಾಯಿ, ನಾ ಬಿಡ್ತೀನಿ," ಎಂದು ಗತ್ತಿನಿಂದ ಕೂತೆ. ಒತ್ತಿದೆ. ಪರವಾನಗಿ ಇಲ್ಲ ಎಂದಿತು. ಮತ್ತೆ ಒತ್ತಿದೆ. ಮತ್ತೆ ಅದೇ.

"ನಿಮ್ಮನ್ನೂ ಒಳಗ ಬಿಡವಲ್ದೇನ್ರಿ?"

"ಅದಕ್ಕ ನನ್ನ ಗುರ್ತು ಸಿಕ್ಕಿಲ್ಲ."

"ಸಿಕ್ಕದ ಕಾಕಾ. ಮ್ಯಾಲ ನಿಮ್ಮ ಹೆಸರಽ ಅದ ನೋಡ್ರಿ."

ಹೊರಗೆ ಟ್ರಕ್ಕಿನವನು ಹಾರ್ನ್ ಹೊಡೆಯತೊಡಗಿದ. ಮಾಲಕರು ಬಾಗಿಲಲ್ಲಿ ಬಂದು ನಿಂತರು. ಯಾದಿಯಿಲ್ಲದೆ ಒಂದು ಗಂಟೂ ಕದಲುವಂತಿಲ್ಲ. ಕೊನೆಗೆ ಸುಮನಬಾಯಿಯೇ ಪುಣೆಗೆ ಫೋನ್ ಹಚ್ಚಿದರು. ಒಬ್ಬನಿಗೆ ಕೊಟ್ಟ ಪರವಾನಗಿಗಿಂತ ಎಲ್ಲರಿಗೂ ಮಾಡಿದ ಬಂದ್ ದೊಡ್ಡದು, ಆ ಎಲ್ಲರಲ್ಲಿ ಕಾಕಾ ಕೂಡ ಬರುತ್ತಾರೆ ಎಂದನಂತೆ ಇಂಜಿನಿಯರ್. ಆತ ಹೇಳುತ್ತ ಹೋದ, ಈಕೆ ಒತ್ತುತ್ತ ಹೋದರು, ಯಾದಿ ತೆರೆಯಿತು.

"ಮಲ್ಲಪ್ಪ, ಗೋದಾಮಿನ ಕೀಲಿ ನಿನ್ನ ಹತ್ರನಽ ಇರ್ಲಿ. ಇದರದು ಸುಮನಬಾಯಿ ಹತ್ರ ಇರ್ಲಿ," ಎಂದರು ಮಾಲಕರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಮೆತ್ತಗೆ ಹೇಳಿದರು.

ಮರುದಿನ ಎಷ್ಟು ಗಂಟು ಹೊರಗೆ ತೆಗೆಯಬೇಕೆಂದು ತಿಳಿಯದೆ ಸುಮನಬಾಯಿಯ ಮೇಜಿನ ಮುಂದೆ ನಿಂತು, ಯಾದಿ ತೋರಿಸಿ ಎಂದೆ. ಆಕೆ ತಲೆ ಎತ್ತದೆ, "ಯಾಕ ಬೇಕ್ರಿ ಕಾಕಾ?" ಎಂದರು. ಇಪ್ಪತ್ತು ವರ್ಷ ಊರಿಗೆಲ್ಲ ಕೇಳಿದ ಪ್ರಶ್ನೆ. ಅದಕ್ಕೊಂದು ಉತ್ತರವನ್ನು ಮಾತ್ರ ನಾನು ಯಾವತ್ತೂ ಯೋಚಿಸಿಟ್ಟುಕೊಂಡಿರಲಿಲ್ಲ.